ಪಳಗಿದ ಗುಡುಗು

ಮುಂಗಾರಿನ ಮೊದಲ ದಿನಗಳಲ್ಲಿ ಸಿಡಿಲು ಹೊಡೆದಾಗ ಮನೆಯ ಕಿಟಕಿ ಬಾಗಿಲುಗಳು ಗಡಗಡನೆ ಅದುರುವುದನ್ನು ನೀವೆಲ್ಲರೂ ಕಂಡಿರುವಿರಿ. ಮಿಂಚು ಹಾಯ್ದ ದಾರಿಯಲ್ಲಿನ ಗಾಳಿಯು ಕ್ಷಣದ ಅತ್ಯಲ್ಪ ಭಾಗದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು, ಹಠಾತ್ತನೆ ಹಿಗ್ಗಿ, ಸುತ್ತಲಿನ ಗಾಳಿಯನ್ನು ಬಲವಾಗಿ ನೂಕುತ್ತದೆ. ಹೀಗೆ ಹುಟ್ಟುವ ಪ್ರಬಲವಾದ ಅಲೆಯೇ ಆಘಾತ ತರಂಗ. ಅದು ದೂರ ಸಾಗಿದಂತೆ ಬಲಗುಂದಿ, ನಮ್ಮ ಕಿವಿಯನ್ನು ಮುಟ್ಟುವ ವೇಳೆಗೆ ಗುಡುಗಿನ ಸದ್ದಾಗಿ ಮಾರ್ಪಟ್ಟಿರುತ್ತದೆ. ಬಂಡೆಯನ್ನು ಸಿಡಿಸುವ ಮದ್ದಿನಲ್ಲಿಯೂ ಗೋಡೆಯನ್ನು ಉರುಳಿಸುವ ಬಾಂಬಿನಲ್ಲಿಯೂ ಇರುವುದು ಇದೇ ಶಕ್ತಿ.

ಕೆಡಹುವುದಕ್ಕೆ ಹೆಸರಾದ ಈ ಶಕ್ತಿಯನ್ನು ಮಾನವನು ಪಳಗಿಸಿ, ರೋಗಿಯ ಸೇವೆಗೆ ತೊಡಗಿಸಿದ್ದಾನೆ. ಕತ್ತಿಯ ಗಾಯವಿಲ್ಲದೆ ಮೂತ್ರಪಿಂಡದೊಳಗಿನ ಕಲ್ಲನ್ನು ಪುಡಿಮಾಡುವ ಕೆಲಸವನ್ನು ಇಂದು ಆಘಾತ ತರಂಗವು ಮಾಡುತ್ತಿದೆ. ಆದರೆ ಆ ಯಂತ್ರವಿರುವುದು ತಂಪಾದ ಕೊಠಡಿಯಲ್ಲಿ, ಏರಿಳಿತವಿಲ್ಲದ ವಿದ್ಯುತ್ತಿನ ಆಸರೆಯಲ್ಲಿ. ಬಿಸಿಲು, ಧೂಳು, ಗಡಸು ನೀರು, ಆಗಾಗ ಕೈಕೊಡುವ ವಿದ್ಯುತ್ತು ಇವುಗಳ ನಡುವೆ ಅದನ್ನು ನಡೆಸುವುದು ಹೇಗೆ? ನಗರದಿಂದ ದೂರವಿರುವ ರೋಗಿಗೆ ಅದರ ಪ್ರಯೋಜನ ದೊರೆಯುವುದು ಹೇಗೆ? ಈ ಪ್ರಶ್ನೆಗಳಿಗೆ ವಿಜ್ಞಾನಿಗಳು ಕಂಡುಕೊಂಡಿರುವ ಉತ್ತರಗಳನ್ನು ಇಲ್ಲಿ ತಿಳಿಯೋಣ.

ಮೊದಲು ಆಘಾತ ತರಂಗದ ಸ್ವರೂಪವನ್ನು ಅರಿಯಬೇಕು. ತೇರಿನ ದಿನ ಕಿಕ್ಕಿರಿದ ಬೀದಿಯಲ್ಲಿ ಸಾಗುತ್ತಿರುವ ಜನರನ್ನು ನೆನೆಯಿರಿ. ಹಿಂದಿನವನು ಮೆಲ್ಲನೆ ತಳ್ಳಿದರೆ ಮುಂದಿನವನು ತುಸು ಸರಿಯುತ್ತಾನೆ; ಅವನ ಮುಂದಿನವನೂ ಸರಿಯುತ್ತಾನೆ. ಶಬ್ದವು ಗಾಳಿಯಲ್ಲಿ ಸಾಗುವುದು ಹೀಗೆಯೇ. ಆದರೆ, ಸರಿಯಿರಿ ಎಂಬ ಸೂಚನೆ ಮುಟ್ಟುವುದಕ್ಕಿಂತ ವೇಗವಾಗಿ ಹಿಂದಿನಿಂದ ಒಂದು ಗುಂಪು ನುಗ್ಗಿದರೆ ಮುಂದಿನವರಿಗೆ ಜಾಗ ಬಿಡಲು ಅವಕಾಶವೇ ಇರುವುದಿಲ್ಲ. ಒಬ್ಬರ ಮೇಲೊಬ್ಬರು ಒತ್ತರಿಸಿ ನಿಲ್ಲುತ್ತಾರೆ. ಗಾಳಿಯ ಕಣಗಳೂ ಹಾಗೆಯೇ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಅದಕ್ಕೂ ಮಿಗಿಲಾದ ವೇಗದಲ್ಲಿ ಗಾಳಿಯನ್ನು ನೂಕಿದಾಗ ಒತ್ತಡ, ಸಾಂದ್ರತೆ, ಉಷ್ಣತೆ ಮೂರೂ ಒಮ್ಮೆಗೇ ಜಿಗಿಯುತ್ತವೆ. ಈ ಜಿಗಿತವು ನಡೆಯುವ ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗೋಡೆಯಂತೆ ಕಡಿದಾದ ಈ ಒತ್ತಡದ ಮುಖವೇ ಆಘಾತ ತರಂಗದ ಗುರುತು.

ಗುಂಡಿನ ಮುಂದೆ ಸಾಗುವ ಇಂತಹ ತರಂಗದ ಛಾಯಾಚಿತ್ರವನ್ನು ಎರ್ನ್‌ಸ್ಟ್ ಮಾಕ್ ಮತ್ತು ಪೀಟರ್ ಸಾಲ್ಕರ್ ಎಂಬ ವಿಜ್ಞಾನಿಗಳು 1887ರಲ್ಲಿ ಪ್ರಕಟಿಸಿದರು. ವೇಗವು ಶಬ್ದದ ವೇಗದ ಎಷ್ಟು ಪಟ್ಟು ಇದೆಯೆಂಬುದನ್ನು ತಿಳಿಸುವ ಸಂಖ್ಯೆಗೆ ಮಾಕ್ ಸಂಖ್ಯೆ ಎಂದೇ ಹೆಸರಾಯಿತು. 1899ರಲ್ಲಿ ಫ್ರಾನ್ಸ್ ದೇಶದ ಪೌಲ್ ವಿಯೇಯ್ ಎಂಬಾತನು ಆಘಾತ ತರಂಗವನ್ನು ಬೇಕೆಂದಾಗ ಹುಟ್ಟಿಸುವ ಕೊಳವೆಯೊಂದನ್ನು ರಚಿಸಿದನು. ಆ ಕೊಳವೆಯ ವಿಚಾರ ಮುಂದೆ ಬರುತ್ತದೆ.

ಈ ತರಂಗವು ವೈದ್ಯಶಾಸ್ತ್ರವನ್ನು ಪ್ರವೇಶಿಸಿದ ಬಗೆ ಕುತೂಹಲಕರವಾಗಿದೆ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದಲ್ಲಿ ಆಘಾತ ತರಂಗಗಳು ಹುಟ್ಟಿ ಹಾನಿಯಾಗುತ್ತದೆ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಸಂಸ್ಥೆಯ ತಂತ್ರಜ್ಞರು ಇದರ ಕಾರಣವನ್ನು ಶೋಧಿಸುತ್ತಿದ್ದರು. ಮೇಲ್ಮೈಯನ್ನು ದಾಟಿ ಒಳಗಿನ ಗಡಸು ವಸ್ತುವನ್ನು ಒಡೆಯುವ ಗುಣ ಈ ತರಂಗಕ್ಕಿರುವುದಾದರೆ, ಮೃದುವಾದ ದೇಹವನ್ನು ದಾಟಿ ಒಳಗಿನ ಕಲ್ಲನ್ನೂ ಒಡೆಯಬಹುದಲ್ಲವೇ ಎಂಬ ಆಲೋಚನೆ ಆಗ ಮೂಡಿತು. ಹಲವು ವರ್ಷಗಳ ಪ್ರಯೋಗಗಳ ನಂತರ 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಶೋಸಿ ಎಂಬ ವೈದ್ಯರು ಈ ವಿಧಾನದಿಂದ ಮೊದಲ ರೋಗಿಗೆ ಚಿಕಿತ್ಸೆ ನೀಡಿದರು. ವಿಮಾನವನ್ನು ಕೆಡಿಸುತ್ತಿದ್ದ ದೋಷವೇ ರೋಗಿಯ ಪಾಲಿಗೆ ಔಷಧವಾಯಿತು.

ಈ ಯಂತ್ರದ ಮರ್ಮವಿರುವುದು ಗಣಿತದ ಒಂದು ಆಕೃತಿಯಲ್ಲಿ. ಹಲಗೆಯ ಮೇಲೆ ಎರಡು ಮೊಳೆಗಳನ್ನು ಹೊಡೆದು, ಅವುಗಳಿಗೆ ಸಡಿಲವಾದ ದಾರವನ್ನು ಕಟ್ಟಿ, ಸೀಸದ ಕಡ್ಡಿಯಿಂದ ದಾರವನ್ನು ಬಿಗಿಹಿಡಿದು ಸುತ್ತ ಗೆರೆ ಎಳೆದರೆ ದೀರ್ಘವೃತ್ತವು ಮೂಡುತ್ತದೆ. ಮೊಳೆಗಳಿರುವ ಎರಡು ಬಿಂದುಗಳೇ ಅದರ ನಾಭಿಗಳು. ಒಂದು ನಾಭಿಯಿಂದ ಹೊರಟ ತರಂಗವು ಗೋಡೆಗೆ ಎಲ್ಲಿಯೇ ತಾಗಿ ಹಿಂದಿರುಗಲಿ, ಇನ್ನೊಂದು ನಾಭಿಯನ್ನು ಬಂದು ಸೇರುತ್ತದೆ. ಅಂಡಾಕಾರದ ಲೋಹದ ಬಟ್ಟಲಿನಲ್ಲಿ ನೀರು ತುಂಬಿ, ಒಂದು ನಾಭಿಯಲ್ಲಿ ಸುಮಾರು 20,000 ವೋಲ್ಟುಗಳ ಕಿಡಿಯನ್ನು ಹಾರಿಸುತ್ತಾರೆ. ಅಲ್ಲಿ ಪುಟ್ಟದೊಂದು ಸಿಡಿಲು ಹೊಡೆದಂತಾಗುತ್ತದೆ. ರೋಗಿಯ ಕಲ್ಲು ಎರಡನೆಯ ನಾಭಿಯಲ್ಲಿ ಬರುವಂತೆ ಅವನನ್ನು ಮಲಗಿಸಿರುತ್ತಾರೆ. ಚರ್ಮವನ್ನು ದಾಟುವಾಗ ತರಂಗವು ಹರಡಿಕೊಂಡಿರುವುದರಿಂದ ಅಲ್ಲಿ ಹಾನಿ ಕಡಿಮೆ. ಕಲ್ಲಿನ ಮೇಲೆ ಒಟ್ಟುಗೂಡಿದಾಗ ಒತ್ತಡವು ವಾಯುಮಂಡಲದ ಒತ್ತಡದ ನೂರಾರು ಪಟ್ಟು ಆಗುತ್ತದೆ. ಇಂತಹ ಒಂದೆರಡು ಸಾವಿರ ಪೆಟ್ಟುಗಳಿಗೆ ಕಲ್ಲು ಮರಳಿನಂತಾಗಿ ಮೂತ್ರದೊಡನೆ ಹೊರಬೀಳುತ್ತದೆ.

ನೀರೇ ಏಕೆ ಬೇಕು ಎಂದು ನೀವು ಕೇಳಬಹುದು. ನಮ್ಮ ದೇಹದ ಬಹುಭಾಗ ನೀರೇ ಆಗಿರುವುದರಿಂದ ನೀರಿನಿಂದ ದೇಹಕ್ಕೆ ತರಂಗವು ತಡೆಯಿಲ್ಲದೆ ಸಾಗುತ್ತದೆ. ಗಾಳಿಯಿಂದ ದೇಹಕ್ಕೆ ಹೊರಟ ಅಲೆಯಾದರೋ ಚರ್ಮದಿಂದಲೇ ಹಿಂದಿರುಗುತ್ತದೆ. ಅದರ ಶಕ್ತಿಯಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಮಾತ್ರ ಒಳಹೋಗುತ್ತದೆ. ಆದುದರಿಂದಲೇ ಮೊದಲ ಯಂತ್ರಗಳಲ್ಲಿ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸುತ್ತಿದ್ದರು. ಅನಂತರದ ಯಂತ್ರಗಳಲ್ಲಿ ನೀರು ತುಂಬಿದ ರಬ್ಬರಿನ ದಿಂಬನ್ನು ಮೈಗೆ ಒತ್ತಿ, ನಡುವೆ ಅಂಟಾದ ಜೆಲ್ಲನ್ನು ಹಚ್ಚುವ ಕ್ರಮ ಬಂದಿತು.

ಇಲ್ಲಿಯವರೆಗೆ ಹೇಳಿದುದು ತರಂಗದ ವಿಚಾರ. ತರಂಗದ ನಿಯಮವು ಮ್ಯೂನಿಕ್‌ನಲ್ಲಿಯೂ ರಾಯಚೂರಿನಲ್ಲಿಯೂ ಒಂದೇ. ಯಂತ್ರದ ಮಾತು ಹಾಗಲ್ಲ. ಬೆಂಗಳೂರಿನ ಉತ್ತರಕ್ಕೆ ಹೆಸರಘಟ್ಟ ರಸ್ತೆಯಲ್ಲಿ ಬಾಗಲಗುಂಟೆ ಎಂಬ ಊರಿದೆ. ಈಗ ಅದು ನಗರದ ಭಾಗವೇ ಆಗಿದೆ. ಅದರ ನೆರೆಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವಿದೆ. ತಗಡಿನ ಚಾವಣಿಯ ಕೆಳಗೆ ಲೇತುಗಳನ್ನು ನಡೆಸುವ ಅಲ್ಲಿನ ಕೆಲಸಗಾರರಿಗೆ ಏಪ್ರಿಲ್ ತಿಂಗಳ ಸೆಕೆ, ರಸ್ತೆಯ ಧೂಳು, ವೋಲ್ಟೇಜಿನ ಏರಿಳಿತಗಳು ಯಂತ್ರವನ್ನು ಹೇಗೆ ಕಾಡುತ್ತವೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಲೇತಿಗೆ ಬರುವ ಕಷ್ಟವು ಚಿಕಿತ್ಸೆಯ ಯಂತ್ರಕ್ಕೂ ಬರುತ್ತದೆ. ಆದರೆ ಇಲ್ಲಿ ತಪ್ಪಿದರೆ ಕೆಡುವುದು ಲೋಹದ ತುಂಡಲ್ಲ, ಮನುಷ್ಯನ ದೇಹ.

ಮೊದಲನೆಯದು ವಿದ್ಯುತ್ತಿನ ತೊಂದರೆ. ಕಿಡಿಗೆ ಬೇಕಾದ ಶಕ್ತಿಯನ್ನು ಕೆಪಾಸಿಟರು ಎಂಬ ಉಪಕರಣದಲ್ಲಿ ಕೂಡಿಡುತ್ತಾರೆ. ಅದರಲ್ಲಿ ಸೇರುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕುಸಿದರೆ ಪೆಟ್ಟಿನ ಶಕ್ತಿಯು ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಇದಕ್ಕೆ ಪರಿಹಾರವೆಂದರೆ ಹೊರಗಿನ ತಂತಿಯನ್ನು ನೇರವಾಗಿ ನಂಬದೆ ಬ್ಯಾಟರಿಯ ಮೂಲಕ ಕೆಪಾಸಿಟರನ್ನು ತುಂಬುವುದು, ಮತ್ತು ಗೊತ್ತುಪಡಿಸಿದ ವೋಲ್ಟೇಜು ಬಂದೊಡನೆ ತುಂಬುವಿಕೆ ತಾನಾಗಿಯೇ ನಿಲ್ಲುವಂತೆ ಮಾಡುವುದು. ವಿದ್ಯುತ್ತು ಕ್ಷೀಣವಾದಾಗ ಪೆಟ್ಟುಗಳ ನಡುವಣ ಕಾಲ ಹೆಚ್ಚಬಹುದು. ಪೆಟ್ಟಿನ ಬಲ ಮಾತ್ರ ಬದಲಾಗದು.

ಎರಡನೆಯದು ಶಾಖ ಮತ್ತು ಧೂಳಿನ ತೊಂದರೆ. ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಶಾಖವನ್ನು ಹೊರಹಾಕಲು ಗಾಳಿಯಾಡಬೇಕು. ಗಾಳಿಯಾಡಿದರೆ ಧೂಳು ಒಳಬರುತ್ತದೆ. ಧೂಳನ್ನು ತಡೆಯಲು ಪೆಟ್ಟಿಗೆಯನ್ನು ಮುಚ್ಚಿದರೆ ಶಾಖವು ಒಳಗೇ ನಿಲ್ಲುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗಲೂ ಅನೇಕ ಬಗೆಯ ಕೆಪಾಸಿಟರುಗಳ ಆಯುಸ್ಸು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. ಧೂಳಿನ ಮೇಲೆ ತೇವ ಕುಳಿತರೆ ಅದು ವಿದ್ಯುತ್ತಿಗೆ ದಾರಿಯಾಗಿ, ಕಿಡಿ ಹಾರಬಾರದ ಕಡೆ ಹಾರುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಪೆಟ್ಟಿಗೆಯನ್ನು ಪೂರ್ಣವಾಗಿ ಮುಚ್ಚಿ, ಅದರ ಲೋಹದ ಗೋಡೆಗೇ ಹೊರಗಡೆ ರೆಕ್ಕೆಗಳನ್ನು ಜೋಡಿಸುತ್ತಾರೆ. ಮೋಟಾರು ಸೈಕಲ್ಲಿನ ಎಂಜಿನ್ನಿನ ಸುತ್ತ ಇರುವ ತೆಳುವಾದ ರೆಕ್ಕೆಗಳನ್ನು ನೀವು ನೋಡಿರಬಹುದು, ಇವೂ ಅಂತಹವೇ. ಹಾಗೆಯೇ, ವಿದ್ಯುತ್ ಕಂಬದ ಮೇಲಿನ ಪಿಂಗಾಣಿ ಬಿಲ್ಲೆಗಳಲ್ಲಿ ಮಡಿಕೆಗಳಿರುವಂತೆ ಒಳಗಿನ ಆಧಾರಗಳಿಗೂ ಮಡಿಕೆಗಳನ್ನು ಕೊಟ್ಟು, ವಿದ್ಯುತ್ತು ಮೇಲ್ಮೈಯಲ್ಲಿ ಹರಿದುಹೋಗಲು ದಾರಿ ದೂರವಾಗುವಂತೆ ಮಾಡುತ್ತಾರೆ.

ಮೂರನೆಯದು ನೀರಿನ ತೊಂದರೆ. ಕೊಳವೆ ಬಾವಿಯ ಗಡಸು ನೀರು ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟುವುದನ್ನು ಪ್ರತಿಯೊಂದು ಅಡುಗೆಮನೆಯಲ್ಲಿಯೂ ಕಾಣಬಹುದು. ಅದೇ ಪದರವು ಯಂತ್ರದ ಬಟ್ಟಲಿನಲ್ಲಿಯೂ ನಳಿಗೆಗಳಲ್ಲಿಯೂ ಕಟ್ಟುತ್ತದೆ. ಇದಕ್ಕಿಂತಲೂ ಕೆಟ್ಟದ್ದು ನೀರಿನಲ್ಲಿ ಕರಗಿರುವ ಗಾಳಿ. ಅದು ಗುಳ್ಳೆಯಾಗಿ ಹೊರಬಂದು ತರಂಗದ ದಾರಿಯಲ್ಲಿ ನಿಂತರೆ, ಮೇಲೆ ಹೇಳಿದಂತೆ ತರಂಗವು ಅಲ್ಲಿಂದಲೇ ಚದುರಿಹೋಗುತ್ತದೆ. ಮೈಗೆ ಹಚ್ಚಿದ ಜೆಲ್ಲಿನಲ್ಲಿ ಗುಳ್ಳೆ ಸಿಕ್ಕಿಕೊಂಡರೂ, ಸೆಕೆಯಲ್ಲಿ ಜೆಲ್ಲು ಒಣಗಿ ಬಿರುಕುಬಿಟ್ಟರೂ ಆಗುವ ನಷ್ಟ ಇದೇ. ಆದಕಾರಣ ಗಾಳಿಯನ್ನು ತೆಗೆದ ಶುದ್ಧ ಜಲವನ್ನು ಮೊದಲೇ ತುಂಬಿ ಬಿಗಿಯಾಗಿ ಮುಚ್ಚಿದ ದಿಂಬು, ಹೊರಗಿನ ನೀರನ್ನು ಬೇಡದ ಯಂತ್ರ, ಇಂತಹ ಊರುಗಳಿಗೆ ತಕ್ಕುದು.

ಎತ್ತರದ ಪ್ರದೇಶಗಳಲ್ಲಿ ಇನ್ನೊಂದು ಬಗೆಯ ಕಷ್ಟವಿದೆ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದಲ್ಲಿರುವ ಲೇಹ್ ನಗರದಲ್ಲಿ ಗಾಳಿಯ ಒತ್ತಡವು ಕಡಲತೀರದ ಒತ್ತಡದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಅಲ್ಲಿನ ತೆಳುವಾದ ಗಾಳಿಯು ಹೆಚ್ಚಿನ ವೋಲ್ಟೇಜನ್ನು ತಡೆದು ನಿಲ್ಲಿಸಲಾರದು. ನೀರಿನೊಳಗಿನ ಗುಳ್ಳೆಗಳೂ ಹಿಗ್ಗುತ್ತವೆ. ಇನ್ನು, ಯಂತ್ರವನ್ನು ಹಳ್ಳದಿಣ್ಣೆಯ ರಸ್ತೆಯಲ್ಲಿ ವಾಹನದ ಮೇಲೆ ಸಾಗಿಸಿದರೆ ನಾಭಿಯು ತನ್ನ ಜಾಗದಿಂದ ಕೆಲವು ಮಿಲಿಮೀಟರು ಸರಿಯಬಹುದು. ಆಗ ಪೆಟ್ಟು ಕಲ್ಲಿಗೆ ಬೀಳದೆ ಪಕ್ಕದ ಮೃದುವಾದ ಭಾಗಕ್ಕೆ ಬೀಳುತ್ತದೆ. ಪ್ರಯಾಣ ಮುಗಿದ ಮೇಲೆ ಜಿಪ್ಸಮ್ಮಿನ ಹುಡಿಯಿಂದ ಮಾಡಿದ ಕೃತಕ ಕಲ್ಲೊಂದನ್ನು ಯಂತ್ರದ ಮುಂದಿಟ್ಟು ಒಡೆದು ನೋಡಿ, ಗುರಿ ಸರಿಯಿದೆಯೆಂದು ಖಚಿತಪಡಿಸಿಕೊಂಡ ಅನಂತರವೇ ರೋಗಿಯನ್ನು ಮಲಗಿಸುವುದು ಕ್ಷೇಮ.

ಈ ಉಪಾಯಗಳೆಲ್ಲವೂ ಇದ್ದ ಯಂತ್ರಕ್ಕೆ ರಕ್ಷಣೆಯನ್ನು ಕೊಡುವಂತಹವು. ಇದಕ್ಕಿಂತ ಆಳವಾದ ಇನ್ನೊಂದು ದಾರಿಯೂ ಇದೆ. ತರಂಗವನ್ನು ಹುಟ್ಟಿಸುವ ವಿಧಾನವನ್ನೇ ಸರಳಗೊಳಿಸಿ, ಕಾಡುವ ತೊಂದರೆಗಳಿಗೆ ಎಡೆಯೇ ಇಲ್ಲದಂತೆ ಮಾಡುವುದೇ ಆ ದಾರಿ. ಈ ದಿಕ್ಕಿನಲ್ಲಿ ನಡೆದ ಕೆಲಸವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಬಾಗಲಗುಂಟೆಯಿಂದ ತುಮಕೂರು ರಸ್ತೆಗೆ ಬಂದು ನಗರದ ಕಡೆಗೆ ಸಾಗಿ ಯಶವಂತಪುರವನ್ನು ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಜಮ್‌ಷೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನದ ಭೂದಾನದಿಂದಲೂ 1909ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ, ಶಬ್ದಕ್ಕಿಂತ ಅನೇಕ ಪಟ್ಟು ವೇಗದ ಹಾರಾಟವನ್ನು ಅಭ್ಯಾಸ ಮಾಡಲು ಆಘಾತ ತರಂಗದ ಪ್ರಯೋಗಾಲಯವು ಬೆಳೆಯಿತು. 2005ರ ಜುಲೈ ತಿಂಗಳಿನಲ್ಲಿ ಆಘಾತ ತರಂಗಗಳನ್ನು ಕುರಿತ 25ನೆಯ ಅಂತರರಾಷ್ಟ್ರೀಯ ವಿಚಾರಗೋಷ್ಠಿಯು ಬೆಂಗಳೂರಿನಲ್ಲಿಯೇ ನಡೆಯಿತು.

ಇಲ್ಲಿನ ಪ್ರಾಧ್ಯಾಪಕರಾಗಿದ್ದ ಕೆ.ಪಿ.ಜೆ. ರೆಡ್ಡಿ ಅವರು ಕೈಬಲದಿಂದಲೇ ನಡೆಯುವ ಆಘಾತ ಕೊಳವೆಯೊಂದನ್ನು ರೂಪಿಸಿದರು. ಅದು 'ರೆಡ್ಡಿ ಕೊಳವೆ' ಎಂದೇ ಹೆಸರಾಗಿದೆ. ಅದರ ತತ್ವವನ್ನು ಸೈಕಲ್ ಪಂಪಿನಿಂದ ತಿಳಿಯಬಹುದು. ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಬೆರಳಿನ ಬದಲು ತೆಳುವಾದ ಪೊರೆಯೊಂದನ್ನು ಕಟ್ಟಿ, ಅದರಾಚೆಗೆ ಮತ್ತೊಂದು ಕೊಳವೆಯನ್ನು ಜೋಡಿಸಿದೆವೆನ್ನೋಣ. ಪಿಸ್ಟನ್ನನ್ನು ರಭಸದಿಂದ ನೂಕುತ್ತ ಹೋದಂತೆ ಒಂದು ಹಂತದಲ್ಲಿ ಪೊರೆ ಫಕ್ಕನೆ ಹರಿಯುತ್ತದೆ. ಅದುಮಿಟ್ಟ ಗಾಳಿಯು ಆಚೆಯ ಕೊಳವೆಗೆ ನುಗ್ಗುತ್ತದೆ. ಅದರ ಮುಂದೆ ಆಘಾತ ತರಂಗವು ಸಾಗುತ್ತದೆ. ಮೂಲತತ್ವವು 1899ರ ವಿಯೇಯ್‌ನ ಕೊಳವೆಯದೇ. ಆದರೆ ಇದಕ್ಕೆ ಅನಿಲದ ಉರುಳೆಯೂ ಬೇಡ, ವಿದ್ಯುತ್ತೂ ಬೇಡ. ಹಾಗಿದ್ದರೂ ಶಬ್ದದ ಒಂದೂವರೆ ಪಟ್ಟು ವೇಗದ ತರಂಗವನ್ನು ಇದು ಹುಟ್ಟಿಸಬಲ್ಲುದು.

ಮನುಷ್ಯನ ಕೈಗೆ ಇಷ್ಟು ಬಲವಿದೆಯೇ ಎಂಬ ಸಂದೇಹ ಬರುವುದು ಸಹಜ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಕೊಳವೆಯ ಒಳವ್ಯಾಸ 3 ಸೆಂಟಿಮೀಟರು ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು 7 ಚದರ ಸೆಂಟಿಮೀಟರು. ಒಂದು ವಾಯುಭಾರವೆಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದ ಒತ್ತಡ. ಹೊರಗಿನ ಗಾಳಿಗಿಂತ 5 ವಾಯುಭಾರ ಹೆಚ್ಚಿನ ಒತ್ತಡವನ್ನು ಪಡೆಯಲು 35 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಇಷ್ಟು ಬಲದಿಂದ ನೂಕುವುದು ದೃಢಕಾಯನಾದ ಯಾವ ವ್ಯಕ್ತಿಗೂ ಅಸಾಧ್ಯವಲ್ಲ. ಕೊಳವೆ ಕಿರಿದಾದುದರಿಂದ ಕೈಯ ಬಲವೇ ದೊಡ್ಡ ಒತ್ತಡವಾಗುತ್ತದೆ. ಕೊಳವೆ, ಪಿಸ್ಟನ್ನು, ರಬ್ಬರಿನ ಉಂಗುರ, ಪೊರೆ ಇವಿಷ್ಟೇ ಇರುವ ಉಪಕರಣದಲ್ಲಿ ಸೆಕೆಗೆ ಸುಡುವ ಕೆಪಾಸಿಟರು ಇಲ್ಲ. ಧೂಳಿಗೆ ಹೆದರುವ ತಂತಿಯೂ ಇಲ್ಲ. ಇದು ಕಲ್ಲನ್ನು ಒಡೆಯುವ ಯಂತ್ರವಲ್ಲ, ಪ್ರಯೋಗಾಲಯದ ಸಾಧನ. ಆದರೂ ವಿದ್ಯುತ್ತಿಲ್ಲದ ಕಡೆಯೂ ಆಘಾತ ತರಂಗವು ದೊರಕೀತು ಎಂಬುದನ್ನು ಇದು ತೋರಿಸಿಕೊಟ್ಟಿತು.

ಅದೇ ಸಂಸ್ಥೆಯ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕೆಲಸವು ಚಿಕಿತ್ಸೆಗೆ ಇನ್ನೂ ಹತ್ತಿರವಾದುದು. ಪುಟ್ಟದೊಂದು ಹಿಡಿತದ ಸ್ಫೋಟದಿಂದ ಕಿರಿದಾದ ಆಘಾತ ತರಂಗವನ್ನು ಹುಟ್ಟಿಸಿ, ಅದರ ತಳ್ಳುವಿಕೆಯಿಂದ ದ್ರವರೂಪದ ಲಸಿಕೆಯನ್ನು ಸೂಕ್ಷ್ಮವಾದ ಧಾರೆಯಾಗಿ ಚರ್ಮದೊಳಕ್ಕೆ ಸೇರಿಸುವ, ಸೂಜಿಯೇ ಇಲ್ಲದ ಸಾಧನವನ್ನು ಅವರು ನಿರ್ಮಿಸಿದರು. ಚರ್ಮದ ಹೊರಪದರದಲ್ಲಿ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಆಳದಲ್ಲಿ, ರೋಗಾಣುವನ್ನು ಗುರುತಿಸಿ ದೇಹಕ್ಕೆ ಎಚ್ಚರಿಕೆ ಕೊಡುವ ಜೀವಕೋಶಗಳಿವೆ. ಲಸಿಕೆಯು ಅಷ್ಟು ಆಳವನ್ನು ಮುಟ್ಟಿದರೆ ಸಾಕು, ನೋವಿಲ್ಲದೆ ಕಾರ್ಯವಾಗುತ್ತದೆ. ಸಾಲ್ಮೊನೆಲ್ಲ ಎಂಬ ರೋಗಾಣುವಿನ ವಿರುದ್ಧ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಲಸಿಕೆಯ ಪ್ರಮಾಣವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೂ ಇತರ ವಿಧಾನಗಳಿಗಿಂತ ಉತ್ತಮವಾದ ರಕ್ಷಣೆ ದೊರೆಯಿತು.

ಕಷ್ಟದ ಪರಿಸರಕ್ಕೆ ಇದರ ಬೆಲೆ ಏನೆಂಬುದನ್ನು ಯೋಚಿಸಿರಿ. ಬಹುಪಾಲು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟು ಸಾಗಿಸಬೇಕು. ಆರೋಗ್ಯ ಕಾರ್ಯಕರ್ತೆಯು ಹೆಗಲಿಗೆ ಹಾಕಿಕೊಂಡು ನಡೆಯುವ ಶೀತಪೆಟ್ಟಿಗೆಯಲ್ಲಿ ಜಾಗವು ಸ್ವಲ್ಪ. ಒಬ್ಬೊಬ್ಬರಿಗೆ ಬೇಕಾಗುವ ಲಸಿಕೆ ಕಡಿಮೆಯಾದರೆ ಅದೇ ಪೆಟ್ಟಿಗೆಯಿಂದ ಹೆಚ್ಚು ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ. ಬಳಸಿದ ಸೂಜಿಯಿಂದ ಒಬ್ಬರ ರೋಗ ಇನ್ನೊಬ್ಬರಿಗೆ ತಗಲುವ ಭಯವೂ ಇಲ್ಲವಾಗುತ್ತದೆ. ಆದರೆ ಇಲಿಯ ಮೇಲೆ ಗೆದ್ದುದು ಮನುಷ್ಯನಲ್ಲಿಯೂ ಗೆಲ್ಲಬೇಕಾದರೆ ಸುದೀರ್ಘವಾದ ಪರೀಕ್ಷೆಗಳನ್ನು ದಾಟಬೇಕು. ವಿಜ್ಞಾನದಲ್ಲಿ ಆಸೆಗೂ ಸಿದ್ಧಿಗೂ ನಡುವೆ ಇರುವ ಹಾದಿ ಇದೇ.

ಅದೇ ಸಂಸ್ಥೆಯಿಂದ 2015ರಲ್ಲಿ ಮತ್ತೊಂದು ಫಲಿತಾಂಶ ಹೊರಬಂದಿತು. ಕೆಲವು ರೋಗಾಣುಗಳು ಗುಂಪುಗೂಡಿ ತಮ್ಮ ಸುತ್ತ ಲೋಳೆಯ ಕೋಟೆಯೊಂದನ್ನು ಕಟ್ಟಿಕೊಳ್ಳುತ್ತವೆ. ಆಗ ಔಷಧದ ಸಾಮಾನ್ಯ ಪ್ರಮಾಣ ಅವುಗಳನ್ನು ಮುಟ್ಟಲಾರದು. ಮೂತ್ರದ ನಳಿಗೆಗಳಲ್ಲಿ ಕಟ್ಟಿಕೊಂಡ ಇಂತಹ ಲೋಳೆಯನ್ನು ಆಘಾತ ತರಂಗದಿಂದ ಒಡೆಯಬಹುದೆಂದೂ, ಸೋಂಕು ತಗಲಿದ ಇಲಿಗಳಲ್ಲಿ ತರಂಗದ ಅನಂತರ ಕೊಟ್ಟ ಔಷಧ ಫಲಿಸುವುದೆಂದೂ ಅಲ್ಲಿನ ಸಂಶೋಧಕರು ತೋರಿಸಿದರು. ತರಂಗವಿಲ್ಲದೆ ಕೊಟ್ಟ ಅದೇ ಔಷಧ ನಿಷ್ಫಲವಾಗಿತ್ತು.

ಯಂತ್ರವು ಸರಳವಾದ ಮಾತ್ರಕ್ಕೆ ಎಚ್ಚರಿಕೆಯೂ ಸರಳವಾಗಬಾರದು. ಆಘಾತ ತರಂಗವು ಕಲ್ಲನ್ನು ಒಡೆಯುವಂತೆಯೇ ರಕ್ತನಾಳವನ್ನೂ ಗಾಯಗೊಳಿಸಬಲ್ಲುದು. ಶ್ವಾಸಕೋಶದಲ್ಲಿ ಗಾಳಿ ತುಂಬಿರುವುದರಿಂದ ಅದರ ಮೇಲೆ ಗುರಿಯಿಲ್ಲದೆ ಬಿದ್ದ ತರಂಗವು ಅಲ್ಲಿನ ಮೃದುವಾದ ಪೊರೆಗಳನ್ನು ಹರಿಯಬಹುದು. ಗರ್ಭಿಣಿಯರಿಗೆ ಕಲ್ಲು ಒಡೆಯುವ ಈ ಚಿಕಿತ್ಸೆಯನ್ನು ಕೊಡುವುದಿಲ್ಲ. ಆದುದರಿಂದ ಹಳ್ಳಿಗೆ ಹೋಗುವ ಯಂತ್ರವು ನಗರದ ಯಂತ್ರಕ್ಕಿಂತ ಅಗ್ಗವಾಗಿರಬಹುದು, ಹಗುರವಾಗಿರಬಹುದು. ಅದರ ಗುರಿ ಮತ್ತು ಬಲ ಮಾತ್ರ ಕಿಂಚಿತ್ತೂ ಸಡಿಲವಾಗಿರಬಾರದು. ಪ್ರತಿಯೊಂದು ಪೆಟ್ಟಿನ ಒತ್ತಡವನ್ನು ಅಳೆಯುವ ಮಾಪಕವೂ, ಅಳತೆ ತಪ್ಪಿದೊಡನೆ ತಾನಾಗಿ ನಿಲ್ಲುವ ಏರ್ಪಾಡೂ ಅದರಲ್ಲಿ ಇರಲೇಬೇಕು. ದೂರದ ಊರಿನ ರೋಗಿಗೆ ಕೆಳದರ್ಜೆಯ ಚಿಕಿತ್ಸೆ ಸಾಕೆಂಬ ಭಾವನೆ ವಿಜ್ಞಾನಕ್ಕೂ ಧರ್ಮಕ್ಕೂ ಸಲ್ಲದು.

ಸಿಡಿಲನ್ನು ಕಂಡು ಬೆದರಿದ ಮಾನವನು ಇಂದು ಅದರ ಕಿರಿಯ ರೂಪವನ್ನು ಬಟ್ಟಲಿನಲ್ಲಿ ಹಿಡಿದಿದ್ದಾನೆ, ಕೊಳವೆಯಲ್ಲಿ ನೂಕಿದ್ದಾನೆ. ಇನ್ನು ಉಳಿದಿರುವುದು ಅದನ್ನು ತಗಡಿನ ಸೂರಿನ ಕೆಳಗೂ ಕೆಟ್ಟ ರಸ್ತೆಯ ಕೊನೆಗೂ ಕೊಂಡೊಯ್ಯುವ ಕೆಲಸ. ಈ ಕೆಲಸಕ್ಕೆ ಪ್ರಯೋಗಾಲಯದ ಗಣಿತವೂ ಬೇಕು, ಲೇತಿನ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಂಡುಹಿಡಿಯುವ ಕುಶಲಿಯ ಕೈಯೂ ಬೇಕು. ಯಂತ್ರವೊಂದು ಎಷ್ಟು ಶಕ್ತಿಯುಳ್ಳದ್ದು ಎಂದು ಕೇಳುವಾಗ, ಅದು ಎಷ್ಟು ದೂರದವರೆಗೆ ಕೆಡದೆ ಹೋಗಬಲ್ಲುದು, ಅಲ್ಲಿ ಕೆಟ್ಟರೆ ಅದನ್ನು ಅಲ್ಲಿಯವರೇ ಸರಿಪಡಿಸಬಲ್ಲರೇ ಎಂದೂ ಕೇಳಬೇಕು. ನೋವಿನಿಂದ ನರಳುವ ರೋಗಿಗೆ ಬೇಕಾಗಿರುವುದು ಈ ಎರಡನೆಯ ಪ್ರಶ್ನೆಯ ಉತ್ತರ.